ಲೈನರ್ ಮೊದಲು, ಬ್ಯಾಟರಿ ಆಮೇಲೆ: ಸ್ಕೀಯಿಂಗ್‌ಗೆ ಹೊರಟವರ ಕೈ ಬೆಚ್ಚಗಿರಲು

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ ನಮ್ಮ ಕಡೆ. ಚಿಕ್ಕಬಳ್ಳಾಪುರದಲ್ಲಿ ಅದು ಹೆಚ್ಚುಕಡಿಮೆ ನಿಜ. ಆ ಹೊತ್ತಿಗೆ ಕಂಬಳಿ ಮಡಿಚಿಟ್ಟು ಫ್ಯಾನಿನ ರೆಕ್ಕೆ ಒರೆಸಲು ಶುರುಮಾಡಿರುತ್ತೇವೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಮಾತ್ರ ಆಗಲೂ ಹಿಮ ಆಳವಾಗಿ ಕೂತಿರುತ್ತದೆ, ಸ್ಕೀಯಿಂಗ್ ಕಲಿಯಬೇಕೆಂದು ಇಲ್ಲಿಂದ ಹೊರಡುವವರು ಹೊರಡುವುದೂ ಆಗಲೇ. ನಮ್ಮೂರಿನ ಸುತ್ತಮುತ್ತಲಿನ ನಾಲ್ಕಾರು ಹುಡುಗ ಹುಡುಗಿಯರು ಹೋಗುವ ಮುಂಚೆ ನನ್ನನ್ನು ಕೇಳಿದ್ದಾರೆ: ಜಾಕೆಟ್ ಯಾವುದು ತಗೊಳ್ಳಲಿ, ಬೂಟು ಬಾಡಿಗೆಗೆ ಸಿಗುತ್ತಾ, ಒಟ್ಟು ಖರ್ಚೆಷ್ಟು. ಕೈಯ ಬಗ್ಗೆ ಒಬ್ಬರೂ ಕೇಳಿಲ್ಲ. ಮೊದಲ ಸಲ ನಾನೂ ಕೇಳಿರಲಿಲ್ಲ.

ಆಗ ನನ್ನ ಹತ್ತಿರ ಇದ್ದದ್ದು ಸ್ಕೂಟರ್ ಓಡಿಸುವಾಗ ಹಾಕುವ ಹತ್ತಿ ಗ್ಲೌಸು. ಅದರ ಮೇಲೆ ಅಲ್ಲೇ ಬಾಡಿಗೆಗೆ ತೆಗೆದುಕೊಂಡ ದಪ್ಪ ಗ್ಲೌಸು, ಹಿಂದಿನ ದಿನ ಯಾರೋ ಹಾಕಿದ್ದ ಒದ್ದೆ ಇನ್ನೂ ಒಳಗೆ ಆರಿರಲಿಲ್ಲ. ಎರಡನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬೆರಳುಗಳು ಉರಿಯುತ್ತಿದ್ದವು, ಆಮೇಲೆ ಉರಿ ನಿಂತಿತು. ಸದ್ಯ, ಹೊಂದಿಕೊಂಡಿತು ಅಂದುಕೊಂಡೆ. ಕಲಿಸುತ್ತಿದ್ದವರು ನನ್ನ ಮುಖ ನೋಡಿ ಗ್ಲೌಸು ಬಿಚ್ಚಿಸಿದರು. ಉಂಗುರ ಬೆರಳಿನ ತುದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎರಡೂ ಕೈಯನ್ನು ಜಾಕೆಟ್ಟಿನೊಳಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲಲು ಹೇಳಿದರು. ರಕ್ತ ವಾಪಸು ಹರಿಯತೊಡಗಿದಾಗ ಆದ ನೋವಿಗೆ ಅಲ್ಲೇ ಅತ್ತುಬಿಟ್ಟೆ.

ಮುಂದಿನ ವರ್ಷ ದುಡ್ಡು ಕೂಡಿಟ್ಟು ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸು ಕೊಂಡೆ. ಅವೂ ಮೊದಲ ದಿನ ಮಧ್ಯಾಹ್ನದೊಳಗೆ ಕೈಕೊಟ್ಟವು. ಗ್ಲೌಸಿನಲ್ಲಿ ದೋಷವಿರಲಿಲ್ಲ. ಕೆಲಸಗಳನ್ನು ನಾನು ತಿರುವುಮುರುವಾಗಿ ಮಾಡಿದ್ದೆ. ಅದಕ್ಕೇ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಬರೆದಿದ್ದೇನೆ, ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ.

ಮೊದಲು ಎದೆ, ಕತ್ತು, ಮಣಿಕಟ್ಟು

ಅಪ್ಪ ಸೇವಂತಿಗೆ ಬೆಳೆಯುತ್ತಾರೆ. ಧನುರ್ಮಾಸದಲ್ಲಿ ನಸುಕಿಗೆ ಮುಂಚೆಯೇ ಬೈಕಿನ ಹಿಂದೆ ಹೂವಿನ ಮೂಟೆ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೊರಡುವಾಗ ಅಂಗಿಗೂ ಸ್ವೆಟರಿಗೂ ನಡುವೆ ಒಂದು ದಿನಪತ್ರಿಕೆ ಮಡಿಚಿ ಇಟ್ಟುಕೊಳ್ಳುತ್ತಾರೆ, ತಲೆ ಕತ್ತು ಸೇರಿಸಿ ಮಫ್ಲರ್ ಸುತ್ತುತ್ತಾರೆ. ಕೈಗೆ ಹಾಕುವುದು ಸಾಧಾರಣ ಗ್ಲೌಸು. ಗುಲ್ಮಾರ್ಗ್‌ನಿಂದ ಬಂದು ಬೆರಳು ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: "ಎದೆ ಬೆಚ್ಚಗಿದ್ರೆ ಕೈ ತಾನಾಗೇ ಬೆಚ್ಚಗಿರ್ತೈತೆ ಕಣಮ್ಮಾ. ನೀನು ಎದೆಗೆ ಏನ್ ಹಾಕಿದ್ದೆ?"

ಅವರ ಮಾತು ವೈದ್ಯರ ಮಾತೂ ಹೌದು. ಕೈಯಲ್ಲಿ ಶಾಖ ಹುಟ್ಟಿಸುವಷ್ಟು ದೊಡ್ಡ ಸ್ನಾಯುಗಳಿಲ್ಲ. ಬೆರಳಿಗೆ ಬರುವ ಬಿಸಿ ಬಹುಪಾಲು ರಕ್ತದ ಜೊತೆ ಹರಿದು ಬರುವಂಥದ್ದು. ದೇಹದ ನಡುಭಾಗ ತಣ್ಣಗಾಗತೊಡಗಿದರೆ ಹೃದಯ, ಶ್ವಾಸಕೋಶಗಳನ್ನು ಕಾಪಾಡಲು ದೇಹ ಕೈಕಾಲಿನ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬರಗಾಲದಲ್ಲಿ ಕಾಲುವೆಯ ತೂಬು ಮುಚ್ಚಿ ಕೆರೆಯ ನೀರು ಉಳಿಸಿಕೊಂಡ ಹಾಗೆ. ತೂಬು ಮುಚ್ಚಿದ ಮೇಲೆ ಕೈಗೆ ಎಷ್ಟು ದಪ್ಪ ಗ್ಲೌಸು ಹಾಕಿದರೂ ಅದು ಒಳಗಿನ ತಣ್ಣನ್ನೇ ಕಾಯುತ್ತದೆ, ಯಾಕೆಂದರೆ ಗ್ಲೌಸು ಬಿಸಿ ಹುಟ್ಟಿಸುವುದಿಲ್ಲ, ಇರುವುದನ್ನು ಹಿಡಿದಿಡುತ್ತದೆ.

ಹಾಗಾಗಿ ಗ್ಲೌಸಿಗೆ ಹಣ ಹಾಕುವ ಮುಂಚೆ ಮೈಗೆ ಅಂಟುವ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ನೀರು ತಡೆಯುವ ಜಾಕೆಟ್, ಕತ್ತಿಗೆ ಬಫ್ ಎನ್ನುವ ಕೊಳವೆಯಂಥ ಬಟ್ಟೆ, ಹೆಲ್ಮೆಟ್ಟಿನೊಳಗೆ ತೆಳು ಟೋಪಿ, ಇಷ್ಟು ಸರಿಮಾಡಿಕೊಳ್ಳಿ. ಇನ್ನೊಂದು ಜಾಗವನ್ನು ಎಲ್ಲರೂ ಮರೆಯುತ್ತಾರೆ: ಮಣಿಕಟ್ಟು. ಬೆರಳಿಗೆ ಹೋಗುವ ರಕ್ತನಾಳ ಅಲ್ಲಿ ಚರ್ಮಕ್ಕೆ ತೀರಾ ಹತ್ತಿರ, ಅದಕ್ಕೇ ಅಲ್ಲವೇ ನಾಡಿ ಹಿಡಿದು ನೋಡುವುದು. ಗ್ಲೌಸಿಗೂ ಜಾಕೆಟ್ಟಿನ ತೋಳಿಗೂ ನಡುವೆ ಎರಡು ಬೆರಳಗಲ ಚರ್ಮ ಗಾಳಿಗೆ ತೆರೆದಿದ್ದರೂ ಸಾಕು, ಬೆರಳಿಗೆ ತಲುಪುವ ರಕ್ತ ದಾರಿಯಲ್ಲೇ ತಣಿಯುತ್ತದೆ. ನಾನು ಹಳೆಯ ಉಣ್ಣೆ ಕಾಲುಚೀಲದ ಪಾದ ಕತ್ತರಿಸಿ, ಕಾಲಿನ ಭಾಗವನ್ನು ಮಣಿಕಟ್ಟಿಗೆ ತೊಟ್ಟುಕೊಳ್ಳುತ್ತೇನೆ. ಹೆಬ್ಬೆರಳಿಗೆ ಒಂದು ತೂತು ಮಾಡಿದರೆ ಮೇಲಕ್ಕೆ ಸರಿಯುವುದಿಲ್ಲ. ಕಾಸು ಖರ್ಚಿಲ್ಲದ ಈ ಉಪಾಯದಿಂದ ನನಗೆ ಆದಷ್ಟು ಉಪಕಾರ ದುಬಾರಿ ಗ್ಲೌಸಿನಿಂದಲೂ ಆಗಿಲ್ಲ.

ಉಂಗುರ, ಬಳೆ, ಕೈಗೆ ಕಟ್ಟಿದ ದಾರ, ಇವನ್ನು ಮನೆಯಲ್ಲೇ ತೆಗೆದಿಟ್ಟು ಹೊರಡಿ. ಲೋಹ ಬೇಗ ತಣ್ಣಗಾಗುತ್ತದೆ, ದಾರ ಒದ್ದೆಯಾದರೆ ಆರುವುದಿಲ್ಲ, ಚಳಿಯಿಂದ ಬೆರಳು ಊದಿಕೊಂಡರೆ ಉಂಗುರ ಅಲ್ಲೇ ಬಿಗಿಯುತ್ತದೆ. ವರ್ಷಗಟ್ಟಲೆ ತೆಗೆಯದ ಉಂಗುರವಿದ್ದರೆ ಸೋಪಿನ ನೊರೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ಊರಿನಲ್ಲೇ ಬಿಡಿಸಿಕೊಳ್ಳಿ.

ಲೈನರ್: ಇಲ್ಲಿ ಜಿಪುಣತನ ಬೇಡ

ಲೈನರ್ ಅಂದರೆ ದಪ್ಪ ಗ್ಲೌಸಿನ ಒಳಗೆ ಚರ್ಮಕ್ಕೆ ತಾಗಿಕೊಂಡಿರುವ ತೆಳು ಗ್ಲೌಸು. ಇದು ಬಿಸಿಗೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಿಸಿಗಿಂತ ಮೊದಲು ಇದು ಬೆವರಿಗೆ.

ಹೊಸದಾಗಿ ಕಲಿಯುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. ಮೊದಲ ದಿನಗಳಲ್ಲಿ ನೀವು ಜಾರುವುದು ಅರ್ಧ ನಿಮಿಷ. ಆಮೇಲೆ ಸ್ಕೀ ಕಟ್ಟಿದ ಕಾಲಿನಲ್ಲೇ ಅಡ್ಡಡ್ಡ ಹೆಜ್ಜೆಯಿಡುತ್ತ ಅದೇ ಇಳಿಜಾರನ್ನು ಹತ್ತಬೇಕು. ನಂದಿಬೆಟ್ಟದ ಮೆಟ್ಟಿಲು ಹತ್ತಿದವರಿಗೂ ಅದು ಏದುಸಿರು ತರಿಸುತ್ತದೆ. ಮೈ ಬೆವರುತ್ತದೆ, ಅಂಗೈ ಬೆವರುತ್ತದೆ. ಮೇಲೆ ಬಂದು ನಿಮ್ಮ ಸರದಿಗಾಗಿ ಸಾಲಿನಲ್ಲಿ ಹತ್ತು ನಿಮಿಷ ನಿಲ್ಲುತ್ತೀರಿ. ಆಗ ಗ್ಲೌಸಿನೊಳಗಿನ ಆ ಬೆವರು ತಣ್ಣೀರಾಗುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಕೈ ಮರಗಟ್ಟುವುದು ಹೆಚ್ಚಾಗಿ ಹೀಗೇ, ಹತ್ತುವಾಗ ಬೆವರಿ ನಿಂತಾಗ ತಣಿದು.

ಹತ್ತಿ ಬಟ್ಟೆ ಬೇಡವೆನ್ನುವುದು ಇದಕ್ಕೇ. ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದದ್ದು ಬೇರೆ ಇಲ್ಲ, ಬೆವರು ಹೀರಿ ಒದ್ದೆಯಾಗಿ ಮೈ ತಂಪು ಮಾಡುತ್ತದೆ. ಹಿಮದಲ್ಲಿ ಅದೇ ಗುಣ ಶತ್ರು. ಮೆರಿನೋ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಎಳೆಯೊಳಗೆ ಹಿಡಿದಿಟ್ಟುಕೊಂಡೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ತೇವವಾದಾಗಲೂ ಬಿಸಿ ಬಿಟ್ಟುಕೊಡುವುದಿಲ್ಲ. ಪಾಲಿಯೆಸ್ಟರ್ ತೇವ ಹೀರುವುದೇ ಕಡಿಮೆ, ಬೇಗ ಆರುತ್ತದೆ, ಬೆಲೆಯೂ ಕಡಿಮೆ.

ಮೂರನೆಯದು ರೇಷ್ಮೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಅಭಿಮಾನ ಜಾಸ್ತಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಮ್ಮ ಜಿಲ್ಲೆಯಲ್ಲೇ ಇದೆ. ಹಿಪ್ಪುನೇರಳೆ ತೋಟ, ಚಂದ್ರಂಕಿ, ನೂಲು ಬಿಚ್ಚಾಣಿಕೆ ನೋಡದೆ ಬೆಳೆದವರು ಇಲ್ಲಿ ಕಡಿಮೆ. ಆದರೂ ರೇಷ್ಮೆ ಅಂದರೆ ಸೀರೆ, ಮದುವೆ ಎಂದಷ್ಟೇ ನಮ್ಮ ಲೆಕ್ಕ. ಚಳಿ ದೇಶದವರು ಅದರಿಂದ ಒಳಗ್ಲೌಸು ಮಾಡಿ ಹಾಕುತ್ತಾರೆ. ತೀರಾ ತೆಳು, ದಪ್ಪ ಗ್ಲೌಸಿನೊಳಗೆ ಜಾಗ ತಿನ್ನುವುದಿಲ್ಲ, ತೇವ ಎಳೆದುಕೊಳ್ಳುತ್ತದೆ, ಚರ್ಮಕ್ಕೆ ಕೆರೆತವಿಲ್ಲ. ಬೇಗ ಸವೆಯುತ್ತದೆ ಅನ್ನುವುದೊಂದೇ ಕೊರತೆ. ಬೆರಳ ತುದಿಯಲ್ಲಿ ಮೊದಲು ತೂತಾಗುವುದರಿಂದ ಉಗುರು ಚೆನ್ನಾಗಿ ಕತ್ತರಿಸಿಕೊಂಡು ಹಾಕಬೇಕು. ತುಂಬಾ ಬೆವರುವ ಕೈಯಾದರೆ ಮೆರಿನೋ, ಗ್ಲೌಸು ಈಗಾಗಲೇ ಬಿಗಿ ಎನಿಸಿದರೆ ರೇಷ್ಮೆ, ಇದು ನನ್ನ ಆಯ್ಕೆ.

ಯಾವುದೇ ತೆಗೆದುಕೊಳ್ಳಿ, ಕನಿಷ್ಠ ಎರಡು ಜೊತೆ ಇರಲಿ, ಮೂರಿದ್ದರೆ ಇನ್ನೂ ಒಳ್ಳೆಯದು. ಒಂದು ಕೈಯಲ್ಲಿ, ಒಂದು ಜಾಕೆಟ್ಟಿನ ಒಳಜೇಬಿನಲ್ಲಿ ಮೈಬಿಸಿಗೆ ತಾಗಿಕೊಂಡು. ಬೆಳಗಿನ ಪಾಠ ಮುಗಿದ ತಕ್ಷಣ ಬದಲಾಯಿಸಬೇಕು, ಒದ್ದೆ ಎನಿಸದಿದ್ದರೂ ಬದಲಾಯಿಸಬೇಕು. ಮಧ್ಯಾಹ್ನದ ಊಟಕ್ಕೆ ಕೂತಾಗ ಎಲ್ಲರೂ ಫೋನ್ ತೆಗೆಯುವ ಹೊತ್ತಿನಲ್ಲಿ ನಾನು ಲೈನರ್ ತೆಗೆದು ಬನಿಯನ್ ಒಳಗೆ ಹೊಟ್ಟೆಯ ಮೇಲೆ ಹರಡಿಕೊಳ್ಳುತ್ತೇನೆ. ಊಟ ಮುಗಿಯುವುದರೊಳಗೆ ಮುಕ್ಕಾಲು ಆರಿರುತ್ತದೆ.

ಹೊರಗ್ಲೌಸು ಆರಿಸುವಾಗ

ಅಂಗೈಯ ಸುತ್ತಳತೆಯನ್ನು ಹೆಬ್ಬೆರಳು ಬಿಟ್ಟು ಟೇಪಿನಲ್ಲಿ ಅಳೆದುಕೊಳ್ಳಿ, ಅಳೆಯುವಾಗಲೇ ಲೈನರ್ ಹಾಕಿಕೊಂಡಿರಿ. ಅಂಗಡಿಯಲ್ಲಿ ಬರಿಗೈಗೆ ಸರಿಯಾಗಿ ಕೂತ ಗ್ಲೌಸು ಹಿಮದಲ್ಲಿ ಬಿಗಿಯಾಗುತ್ತದೆ. ಬಿಗಿ ಗ್ಲೌಸು ಎರಡು ರೀತಿ ಕೆಡುಕು: ಬಿಸಿ ಹಿಡಿಯುವ ಗಾಳಿಗೆ ಒಳಗೆ ಜಾಗ ಇರುವುದಿಲ್ಲ, ರಕ್ತ ಓಡಾಟಕ್ಕೂ ಅಡ್ಡಿ. ಬೆರಳ ತುದಿಯಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಉಳಿದು, ಮುಷ್ಟಿ ಕಟ್ಟಿದಾಗ ಗಿಣ್ಣಿನ ಮೇಲೆ ಎಳೆತ ಬರದಿದ್ದರೆ ಅಳತೆ ಸರಿ. ನನ್ನ ಮೊದಲ ಬ್ಯಾಟರಿ ಗ್ಲೌಸಿನ ವಿಷಯದಲ್ಲಿ ನಾನು ಎಡವಿದ್ದು ಇಲ್ಲೇ. ಅಂದವಾಗಿ ಕಾಣಲಿ ಎಂದು ಒಂದು ಸೈಜು ಚಿಕ್ಕದು ತರಿಸಿದ್ದೆ.

ಐದೂ ಬೆರಳು ಬೇರೆಬೇರೆಯಾಗಿರುವ ಗ್ಲೌಸಿಗಿಂತ ನಾಲ್ಕು ಬೆರಳು ಒಟ್ಟಿಗಿರುವ ಮಿಟ್ಟನ್ ಬೆಚ್ಚಗೆ. ಒಂದು ಬೆರಳಿನ ಬಿಸಿ ಪಕ್ಕದ ಬೆರಳಿಗೆ ಸಿಗುತ್ತದೆ. ಸ್ಕೀ ಕೋಲು ಹಿಡಿಯುವುದಕ್ಕೆ ಅದರಿಂದ ತೊಂದರೆಯಿಲ್ಲ, ಬೂಟಿನ ಕೊಂಡಿ ಹಾಕುವಾಗ ಮಾತ್ರ ಪರದಾಟ. ಸಣ್ಣಗಿನ ಬೆರಳು, ಸದಾ ತಣ್ಣಗಿರುವ ಕೈ ನಿಮ್ಮದಾದರೆ ಯೋಚಿಸದೆ ಮಿಟ್ಟನ್ ತೆಗೆದುಕೊಳ್ಳಿ, ಒಳಗೆ ಲೈನರ್ ಇರುವುದರಿಂದ ಕೊಂಡಿ ಹಾಕಲು ಒಂದು ನಿಮಿಷ ಮಿಟ್ಟನ್ ಕಳಚಿದರೂ ಚರ್ಮ ಗಾಳಿಗೆ ಬೀಳುವುದಿಲ್ಲ.

ತೋಳಿನ ಮೇಲೆ ಬರುವಷ್ಟು ಉದ್ದದ ಕಫ್, ಅದನ್ನು ಬಿಗಿಯುವ ದಾರ, ಕಳಚಿದಾಗ ಬಿದ್ದುಹೋಗದಂತೆ ಮಣಿಕಟ್ಟಿಗೆ ಒಂದು ಪಟ್ಟಿ ಇರಲಿ. ಕಲಿಯುವವರು ಬೀಳುತ್ತಲೇ ಇರುತ್ತಾರೆ, ಪ್ರತಿ ಸಲವೂ ಕೈ ಊರಿಯೇ ಏಳಬೇಕು, ಕಫ್ ಸಡಿಲವಿದ್ದರೆ ಹಿಮ ನೇರ ಒಳಗೆ. ನೀರು ತಡೆಯುತ್ತದೆ ಎಂದು ಬರೆದಿರುವ ಸಾಧಾರಣ ಗ್ಲೌಸನ್ನು ನಂಬುವ ಮುಂಚೆ, ಕೈಗೆ ಹಾಕಿಕೊಂಡು ಬಕೆಟ್ ನೀರಿನಲ್ಲಿ ಮಣಿಕಟ್ಟಿನವರೆಗೆ ಐದು ನಿಮಿಷ ಅದ್ದಿ, ಬೆರಳು ಆಡಿಸಿ ನೋಡಿ. ಬ್ಯಾಟರಿ ಇರುವ ಗ್ಲೌಸಿಗೆ ಈ ಪರೀಕ್ಷೆ ಬೇಡ.

ಈಗ ಬ್ಯಾಟರಿ

ಎರಡು ಬಗೆ ಸಿಗುತ್ತವೆ. ಒಂದು, ಬಿಸಿ ತಂತಿ ಒಳಗೇ ಹೊಲಿದಿರುವ ದಪ್ಪ ಗ್ಲೌಸು. ಇನ್ನೊಂದು, ಬಿಸಿಯಾಗುವ ಲೈನರ್. ಇದನ್ನು ನಿಮ್ಮ ಹತ್ತಿರ ಇರುವ ಹೊರಗ್ಲೌಸಿನೊಳಗೆ ಹಾಕಿಕೊಳ್ಳಬಹುದು. ಎರಡರಲ್ಲೂ ಕಾರ್ಬನ್ ಎಳೆ ಅಥವಾ ತೆಳು ಲೋಹದ ತಂತಿ ಬೆರಳ ಸುತ್ತ ಓಡಿರುತ್ತದೆ, ಮಣಿಕಟ್ಟಿನ ಹತ್ತಿರದ ಜೇಬಿನಲ್ಲಿ ಲಿಥಿಯಂ ಬ್ಯಾಟರಿ. ತಂತಿ ಬೆರಳ ತುದಿಯವರೆಗೂ ಹೋಗಿದೆಯೇ ಎಂದು ಕೊಳ್ಳುವ ಮುಂಚೆ ಖಾತ್ರಿ ಮಾಡಿಕೊಳ್ಳಿ. ಕಡಿಮೆ ಬೆಲೆಯ ಕೆಲವುಗಳಲ್ಲಿ ಅದು ಕೈಯ ಮೇಲ್ಭಾಗದಲ್ಲೇ ನಿಂತುಬಿಟ್ಟಿರುತ್ತದೆ.

ಮೊದಲ ಸಲ ಕಲಿಯಲು ಹೋಗುವವರಿಗೆ ಬಿಸಿ ಲೈನರ್ ಸಾಕು ಎಂಬುದು ನನ್ನ ಅಭಿಪ್ರಾಯ. ಊರಿಗೆ ಬಂದ ಮೇಲೆ ಡಿಸೆಂಬರ್ ಬೆಳಗಿನ ಬೈಕ್ ಓಡಾಟಕ್ಕೂ ಆಗುತ್ತದೆ. ದಪ್ಪ ಬಿಸಿ ಗ್ಲೌಸಿಗೆ ಇಲ್ಲಿ ಮತ್ತೆ ಕೆಲಸವಿಲ್ಲ. ಒಂದೇ ಎಚ್ಚರ: ಬ್ಯಾಟರಿಯ ಉಬ್ಬಿನ ಮೇಲೆ ಸ್ಕೀ ಕೋಲಿನ ಪಟ್ಟಿ ಒತ್ತಬಾರದು, ಹೊರಗ್ಲೌಸಿನ ಕಫ್ ಅದರ ಮೇಲೆ ಹಾಯಾಗಿ ಮುಚ್ಚಬೇಕು.

"8 ಗಂಟೆ ಬಿಸಿ" ಎಂದು ಪೆಟ್ಟಿಗೆಯ ಮೇಲಿದ್ದರೆ ಅದು ಅತಿ ಕಡಿಮೆ ಬಿಸಿಯ ಲೆಕ್ಕ. ನೀವೇ ಲೆಕ್ಕ ಹಾಕಿ. 7.4 ವೋಲ್ಟ್, 2,200 ಎಂಎಎಚ್ ಬ್ಯಾಟರಿಯಾದರೆ ಗುಣಿಸಿದಾಗ ಸುಮಾರು 16 ವ್ಯಾಟ್-ಅವರ್. ಹೈ ಇಟ್ಟಾಗ ಒಂದು ಗ್ಲೌಸು 7 ವ್ಯಾಟ್ ತಿಂದರೆ ಎರಡು ಗಂಟೆ ಚಿಲ್ಲರೆ, ಲೋ ಇಟ್ಟಾಗ ಎರಡೂವರೆ ವ್ಯಾಟ್ ತಿಂದರೆ ಆರು ಗಂಟೆಯ ಮೇಲೆ. ಚಳಿಗೆ ಲಿಥಿಯಂ ಬ್ಯಾಟರಿಯ ಕಸುವು ಇಳಿಯುವುದರಿಂದ ಇದರಲ್ಲೂ ಒಂದು ಪಾಲು ಕಳೆಯಿರಿ. ನಾನು ಆ ದಿನ ರೂಮಿನಿಂದ ಹೊರಡುವಾಗಲೇ ಹೈ ಒತ್ತಿದ್ದೆ. ಹತ್ತುವಾಗ ಆ ಬಿಸಿಗೆ ಕೈ ಬೆವರಿ ನೀರಾಯಿತು, ಹನ್ನೆರಡಕ್ಕೆ ಬ್ಯಾಟರಿ ಮುಗಿಯಿತು, ಉಳಿದದ್ದು ಒದ್ದೆ ಗ್ಲೌಸು.

ಈಗ ಮಾಡುವುದು ಹೀಗೆ. ರೂಮಿನಲ್ಲೇ, ಕೈ ಬೆಚ್ಚಗಿರುವಾಗಲೇ ಗ್ಲೌಸು ಹಾಕಿ ಐದು ನಿಮಿಷ ಮಧ್ಯಮದಲ್ಲಿಟ್ಟು ಆರಿಸುತ್ತೇನೆ. ಹತ್ತುವಾಗ ಪೂರ್ತಿ ಆಫ್. ಸಾಲಿನಲ್ಲಿ ನಿಂತಾಗ, ಲಿಫ್ಟಿನಲ್ಲಿ ಕೂತಾಗ ಲೋ. ಬೆರಳು ಚುರುಗುಟ್ಟಲು ಶುರುವಾದಾಗ ಮಾತ್ರ ಹತ್ತು ನಿಮಿಷ ಹೈ. ತಣ್ಣಗಾದ ಕೈಯನ್ನು ಮತ್ತೆ ಬಿಸಿ ಮಾಡಲು ಬೇಕಾದಷ್ಟು ವಿದ್ಯುತ್ತು, ಬೆಚ್ಚಗಿರುವ ಕೈಯನ್ನು ಹಾಗೇ ಉಳಿಸಿಕೊಳ್ಳಲು ಬೇಕಾಗುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಕೈ ಸ್ಪರ್ಶ ಮಂದವಾಗಿರುವವರು ಬಿಸಿ ಗ್ಲೌಸನ್ನು ವೈದ್ಯರನ್ನು ಕೇಳಿಯೇ ಬಳಸಬೇಕು, ಸುಟ್ಟರೂ ಗೊತ್ತಾಗದೆ ಇರಬಹುದು. ಸ್ವಲ್ಪ ತಣ್ಣೀರು ಮುಟ್ಟಿದರೂ ಬೆರಳು ಬಿಳಿಚಿ, ನೀಲಿಯಾಗಿ, ಆಮೇಲೆ ಕೆಂಪಾಗುವ ರೇನಾಡ್ಸ್ ತೊಂದರೆ ಇರುವವರೂ ಹೊರಡುವ ಮುಂಚೆ ವೈದ್ಯರ ಹತ್ತಿರ ಮಾತಾಡಿ.

ಬ್ಯಾಟರಿಗೆ ಬೆನ್ನಾಸರೆಯಾಗಿ ಬಿಸಿ ಪೊಟ್ಟಣಗಳನ್ನು ಇಟ್ಟುಕೊಳ್ಳಿ. ಒಳಗಿರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಗಾಳಿ ತಾಗಿದಾಗ ಕಬ್ಬಿಣ ತುಕ್ಕು ಹಿಡಿಯುತ್ತ ಬಿಸಿ ಬಿಡುತ್ತದೆ. ಹಾಗಾಗಿ ಪೊಟ್ಟಣ ಒಡೆದು, ಅಲುಗಾಡಿಸಿ, ಹತ್ತು ಹದಿನೈದು ನಿಮಿಷ ಗಾಳಿಯಾಡುವಂತೆ ಬಿಟ್ಟು ಆಮೇಲೆ ಗ್ಲೌಸಿನೊಳಗೆ, ಲೈನರಿನ ಹೊರಗೆ, ಕೈಯ ಮೇಲ್ಭಾಗಕ್ಕೆ ಬರುವಂತೆ ಇಡಬೇಕು. ಅಂಗೈಯಲ್ಲಿಟ್ಟರೆ ಕೋಲು ಹಿಡಿಯಲು ಆಗದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಪೊಟ್ಟಣದ ಬಿಸಿಯೂ ಮಂದ.

ನಂದಿ ದಾರಿಯಲ್ಲಿ ಒಂದು ಬೆಳಗ್ಗೆ

ಹೊಸ ಗ್ಲೌಸನ್ನು ಪೆಟ್ಟಿಗೆಯಿಂದ ಗುಲ್ಮಾರ್ಗ್‌ನಲ್ಲೇ ತೆಗೆಯುವುದು ದೊಡ್ಡ ತಪ್ಪು. ನಮ್ಮ ಪುಣ್ಯಕ್ಕೆ 1,478 ಮೀಟರ್ ಎತ್ತರದ ನಂದಿಬೆಟ್ಟ ಪಕ್ಕದಲ್ಲೇ ಇದೆ. ಡಿಸೆಂಬರ್ ಅಥವಾ ಜನವರಿಯಲ್ಲಿ, ಬೆಳಗಿನ ಜಾವ, ಯಾರಾದರೂ ಓಡಿಸುವ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಬೆಟ್ಟದ ದಾರಿಯಲ್ಲಿ ಮುಕ್ಕಾಲು ಗಂಟೆ ಸುತ್ತಿ. ಓಡಿಸುವುದು ನೀವಾಗಬೇಡಿ, ದಪ್ಪ ಗ್ಲೌಸಿನಲ್ಲಿ ಬ್ರೇಕು ಕ್ಲಚ್ಚಿನ ಹಿಡಿತ ಸರಿಯಾಗಿ ಸಿಗುವುದಿಲ್ಲ. ಎರಡೂ ಕೈ ಸವಾರನ ಮೈಯ ಆಚೆಗೆ, ಗಾಳಿಗೆ ಸಿಗುವಂತೆ ಇರಲಿ. 10 ಡಿಗ್ರಿ ಇದ್ದಾಗ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ತಾಗಿದರೆ ಚರ್ಮಕ್ಕೆ ಅದು 5-6 ಡಿಗ್ರಿಯಂತೆ ಅನಿಸುತ್ತದೆ. ಅಲ್ಲಿ ಮೈನಸ್ 10 ಇರುವಾಗ 30 ಕಿಲೋಮೀಟರ್ ವೇಗದಲ್ಲಿ ಜಾರಿದರೆ ಅದು ಮೈನಸ್ 20 ಅನ್ನಿಸುತ್ತದೆ. ಇಲ್ಲೇ ಚಳಿ ಹೊಗುವ ಗ್ಲೌಸು ಅಲ್ಲಿ ನಿಲ್ಲುವುದಿಲ್ಲ.

ಒಂದು ಕೈಗೆ ಲೈನರ್ ಹಾಕಿ, ಇನ್ನೊಂದಕ್ಕೆ ಹಾಕದೆ ಹೋಗಿ ಬನ್ನಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಬ್ಯಾಟರಿ ಎಷ್ಟು ಹೊತ್ತು ಬಂತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ವಾಪಸು ಬಂದು ಗ್ಲೌಸು ಹಾಕಿದ ಕೈಯಲ್ಲೇ ಜಾಕೆಟ್ಟಿನ ಜಿಪ್ಪು ಎಳೆಯಿರಿ, ಹೆಲ್ಮೆಟ್ಟಿನ ಕೊಂಡಿ ಹಾಕಿ ತೆಗೆಯಿರಿ, ಬಿಸಿಯ ಬಟನ್ನನ್ನು ನೋಡದೆ ಒತ್ತಲು ಬರುತ್ತದೆಯೇ ನೋಡಿ. ತುಮಕೂರಿನವರಿಗೆ ದೇವರಾಯನದುರ್ಗ, ಕೋಲಾರದವರಿಗೆ ಅಂತರಗಂಗೆಯ ಕಡೆಯ ದಾರಿ ಇದಕ್ಕೆ ಆಗುತ್ತದೆ. ಬೆಟ್ಟವಿಲ್ಲದ ಊರಿನಲ್ಲಿ ನಸುಕಿಗೆ ಡೈರಿಗೆ ಹಾಲು ಹಾಕಲು ಹೋಗುವವರ ಜೊತೆ ನಾಲ್ಕು ದಿನ ಹೋಗಿಬಂದರೂ ಸಾಕು.

ವಿಮಾನದಲ್ಲಿ

ಬ್ಯಾಟರಿಗಳನ್ನು ಗ್ಲೌಸಿನಿಂದ ಬಿಡಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿನದಕ್ಕೆ ಸಾಮಾನ್ಯವಾಗಿ ವಿಮಾನ ಸಂಸ್ಥೆಯ ಪ್ರತ್ಯೇಕ ಅನುಮತಿ ಬೇಕಿಲ್ಲ, ನಮ್ಮ 16ರ ಲೆಕ್ಕ ಅದರೊಳಗೇ ಬರುತ್ತದೆ. ಲೋಹದ ತುದಿ ಒಂದಕ್ಕೊಂದು ತಾಗದಂತೆ ಟೇಪು ಅಂಟಿಸಿ ಬೇರೆಬೇರೆ ಪೊಟ್ಟಣದಲ್ಲಿಡಿ.

ಹಿಮದ ಮೇಲೆ

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಕಲಿಯುವವರ ಇಳಿಜಾರು ಇಲ್ಲೇ. ಗೊಂಡೋಲಾ ಎನ್ನುವ ಕೇಬಲ್ ಕಾರಿನ ಎರಡನೇ ಹಂತ ಹತ್ತಿ ಅಫರ್ವಾತ್ ಶಿಖರದ ಕಡೆ ಹೋದರೆ ಸುಮಾರು 3,950 ಮೀಟರ್. ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುವ ಲೆಕ್ಕದಲ್ಲಿ ಮೇಲೆ ಎಂಟು ಡಿಗ್ರಿಗಿಂತ ಹೆಚ್ಚು ತಣ್ಣಗಿರುತ್ತದೆ, ಗಾಳಿ ಬೇರೆ. ಕೆಳಗೆ ಸಾಕಾದ ಗ್ಲೌಸು ಮೇಲೆ ಸಾಲದು ಎಂದುಕೊಂಡೇ ಹೊರಡಿ. ಡಿಸೆಂಬರ್ 21ರಿಂದ ನಲವತ್ತು ದಿನ ಅಲ್ಲಿನವರು ಚಿಲ್ಲೈ ಕಲಾನ್ ಎನ್ನುವ ಕಡುಚಳಿಯ ಕಾಲ. ಕೈ ಬೇಗ ತಣ್ಣಗಾಗುವವರು ಆ ದಿನಗಳನ್ನು ಬಿಟ್ಟು ಫೆಬ್ರವರಿಯಲ್ಲಿ ಹೋಗುವುದೇ ವಾಸಿ.

ಬಿದ್ದು ಎದ್ದಾಗ ಗ್ಲೌಸಿನ ಮೇಲಿನ ಹಿಮವನ್ನು ತಕ್ಷಣ ಕೊಡವಿ, ಕರಗಲು ಬಿಡಬೇಡಿ. ಕಳಚಿದ ಗ್ಲೌಸನ್ನು ಹಿಮದ ಮೇಲಾಗಲಿ, ಬಾಯಿ ಮೇಲಾಗಿ ತೆರೆದಾಗಲಿ ಇಡಬೇಡಿ, ಜಾಕೆಟ್ಟಿನೊಳಗೆ ಸಿಕ್ಕಿಸಿ. ಬೆಚ್ಚಗಾಗಲಿ ಎಂದು ಒಳಗೆ ಬಾಯಿಯಿಂದ ಊದುವುದೂ ಬೇಡ, ಉಸಿರಿನ ತೇವ ಅಲ್ಲೇ ಉಳಿಯುತ್ತದೆ. ಹೆದರಿಕೆಗೆ ಕೋಲನ್ನು ಗಟ್ಟಿಯಾಗಿ ಹಿಡಿಯುವವರ ಬೆರಳು ಬೇಗ ತಣ್ಣಗಾಗುತ್ತದೆ, ಹಿಡಿತ ಸಡಿಲಿಸಿ ಬೆರಳು ಆಡಿಸುತ್ತಿರಿ.

ಬೆರಳು ಚುರುಗುಟ್ಟಿದ ಕೂಡಲೇ ಮಾಡಬೇಕಾದ್ದು ಒಂದಿದೆ. ಪಕ್ಕದಲ್ಲಿ ಯಾರೂ ಇಲ್ಲದ ಕಡೆ ನಿಂತು ತೋಳನ್ನು ಭುಜದಿಂದ ಪೂರ್ತಿ ಸುತ್ತು, ಕವಣೆ ಬೀಸುವ ಹಾಗೆ, ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಬೀಸಿದ ರಭಸಕ್ಕೆ ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಬ್ಯಾಟರಿ ಮುಗಿದ ದಿನ ನನ್ನನ್ನು ಸಂಜೆಯವರೆಗೆ ಕಾಪಾಡಿದ್ದು ಇದು.

ಹೊಟ್ಟೆ ಖಾಲಿ ಬಿಡಬೇಡಿ, ಶಾಖ ಹುಟ್ಟುವುದು ಊಟದಿಂದ. ಊರಿನಿಂದ ಕಡಲೆಕಾಯಿ ಚಿಕ್ಕಿ ಒಯ್ದರೆ ಜೇಬಿನಲ್ಲಿ ಕೆಡುವುದಿಲ್ಲ, ಗ್ಲೌಸು ಹಾಕಿಕೊಂಡೇ ತಿನ್ನಬಹುದು. ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಬೀಡಿ ಸಿಗರೇಟು ರಕ್ತನಾಳ ಕುಗ್ಗಿಸುತ್ತದೆ. ಮದ್ಯ ಕುಡಿದಾಗ ಬೆಚ್ಚಗೆ ಅನಿಸುವುದು ಒಳಗಿನ ಬಿಸಿ ಚರ್ಮಕ್ಕೆ ಬಂದು ಹೊರಗೆ ಹೋಗುತ್ತಿರುವುದರಿಂದ. ಎರಡೂ ಬೇಡ.

ನೋವು ನಿಂತರೆ ಪಾಠ ನಿಲ್ಲಿಸಿ

ಉರಿ, ಚುರುಗುಟ್ಟುವಿಕೆ, ನೋವು ಇರುವವರೆಗೆ ಬೆರಳಿಗೆ ರಕ್ತ ಇನ್ನೂ ಹೋಗುತ್ತಿದೆ ಎಂದು ತಿಳಿಯಿರಿ. ನೋವು ತಾನಾಗಿ ನಿಂತು ಬೆರಳು ಬೇರೆಯವರದ್ದು ಎನ್ನುವ ಹಾಗೆ ಅನಿಸಿದರೆ ಅದು ಅಪಾಯ. ಗ್ಲೌಸು ತೆಗೆದು ನೋಡಿ. ಪುಸ್ತಕಗಳಲ್ಲಿ ಚರ್ಮ ಬೆಳ್ಳಗಾಗುತ್ತದೆ ಎಂದು ಬರೆದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಅದು ಬೂದಿ ಬಣ್ಣವಾಗಿ, ಮೇಣದ ಹೊಳಪಿನಲ್ಲಿ ಕಾಣಬಹುದು. ಉಗುರಿನ ಕೆಳಗೂ ನೋಡಿ.

ಕೂಡಲೇ ಕಟ್ಟಡದೊಳಗೆ ಹೋಗಿ. ದಾರಿಯಲ್ಲಿ ಕೈ ಕಂಕುಳಲ್ಲಿರಲಿ. ಉಜ್ಜಬೇಡಿ, ಹಿಮ ಹಚ್ಚಬೇಡಿ. ಹೋಟೆಲಿನ ಬುಖಾರಿ ಒಲೆಯ ಮುಂದೆ ಕೈ ಚಾಚಬೇಡಿ, ಯಾರಾದರೂ ಪ್ರೀತಿಯಿಂದ ಕೊಡುವ ಕೆಂಡದ ಕಾಂಗ್ರಿಯನ್ನೂ ಆಗ ಮುಟ್ಟಬೇಡಿ. ಸ್ಪರ್ಶವಿಲ್ಲದ ಬೆರಳು ಸುಡುವುದು ಗೊತ್ತಾಗುವುದಿಲ್ಲ. ಬ್ಯಾಟರಿ ಗ್ಲೌಸನ್ನು ಹೈ ಇಡುವುದೂ ಅದೇ ಕಾರಣಕ್ಕೆ ಬೇಡ. ಹದವಾಗಿ ಕಾಯಿಸಿದ ನೀರು, 37ರಿಂದ 39 ಡಿಗ್ರಿ, ಅದರಲ್ಲಿ ಕೈ ಅದ್ದಬೇಕು. ದೀಪಾವಳಿಯ ಎಣ್ಣೆಸ್ನಾನದ ನೀರಿನಷ್ಟು ಬಿಸಿಯಲ್ಲ, ಹಸುಗೂಸಿಗೆ ಎರೆಯುವ ಮುಂಚೆ ಅಜ್ಜಿಯರು ಮೊಣಕೈ ಅದ್ದಿ ನೋಡುತ್ತಾರಲ್ಲ, ಆ ಹದ. ನೀರಿನ ಬಿಸಿಯನ್ನು ಇನ್ನೊಬ್ಬರು ನೋಡಲಿ, ನಿಮ್ಮ ಕೈಗೆ ಆಗ ತಿಳಿಯುವುದಿಲ್ಲ. ಬಣ್ಣ, ಸ್ಪರ್ಶ ಬೇಗ ಮರಳದಿದ್ದರೆ, ಗುಳ್ಳೆ ಎದ್ದರೆ, ಬೆರಳು ಕಟ್ಟಿಗೆಯಂತೆ ಗಡುಸಾಗಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಒಮ್ಮೆ ಕಾಯಿಸಿದ ಬೆರಳು ಅದೇ ದಿನ ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚು ಹಾನಿ, ಹಾಗಾಗಿ ಆ ದಿನದ ಸ್ಕೀಯಿಂಗ್ ಅಲ್ಲಿಗೆ ಮುಗಿಯಿತು.

ರಾತ್ರಿ, ಮತ್ತು ಊರಿಗೆ ಬಂದ ಮೇಲೆ

ಗ್ಲೌಸಿನ ಬ್ಯಾಟರಿ ಬಿಚ್ಚಿ, ಬಾಯಿ ಅಗಲವಾಗಿ ತೆರೆದು, ಕೋಣೆಯ ಗಾಳಿಯಲ್ಲಿ ಒಣಗಿಸಿ. ಬುಖಾರಿಯ ಮೇಲೆ ಒಣಹಾಕಿದರೆ ಚರ್ಮದ ಅಂಗೈ ಬಿರಿಯುತ್ತದೆ, ಒಳಪದರ ಕರಗಬಹುದು. ನಾನು ದಿನಪತ್ರಿಕೆಯನ್ನು ಉಂಡೆ ಮಾಡಿ ಬೆರಳುಗಳೊಳಗೆ ತುಂಬುತ್ತೇನೆ, ಒಂದು ಗಂಟೆ ಬಿಟ್ಟು ಬದಲಾಯಿಸುತ್ತೇನೆ. ಲೈನರ್ ತೊಳೆದು ಹಿಂಡಿ ಹರಡಿದರೆ ಬೆಳಗಿಗೆ ಆರಿರುತ್ತದೆ. ಹೊರಗಿನಿಂದ ತಂದ ತಣ್ಣನೆಯ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ. ಸೊನ್ನೆಗಿಂತ ಕೆಳಗಿನ ತಣ್ಣಿನಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿ ಒಳಗೇ ಕೆಡುತ್ತದೆ. ಊಟ ಮುಗಿಯುವವರೆಗೆ ಕೋಣೆಯಲ್ಲಿ ಬಿಟ್ಟು ಆಮೇಲೆ ಹಾಕಿ, ಬೆಳಗ್ಗೆ ಹೊರಡುವವರೆಗೂ ಒಳಜೇಬಿನಲ್ಲಿಡಿ.

ಊರಿಗೆ ಬಂದ ಮೇಲೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿಯಾಗಿಯೂ ಇಡಬಾರದು. ಅರ್ಧ ಚಾರ್ಜಿನಲ್ಲಿ, ಗ್ಲೌಸಿನಿಂದ ಬೇರೆಯಾಗಿ, ತಂಪಾದ ಜಾಗದಲ್ಲಿರಲಿ. ನಮ್ಮ ಬೇಸಿಗೆಯಲ್ಲಿ ಶೀಟಿನ ಮನೆಯ ಅಟ್ಟ ಅದಕ್ಕೆ ತಕ್ಕ ಜಾಗವಲ್ಲ. ನನ್ನವು ಅಕ್ಕಿ ಡಬ್ಬಗಳಿರುವ ಕೋಣೆಯ ಕೆಳಗಿನ ಗೂಡಿನಲ್ಲಿವೆ. ಯುಗಾದಿಗೆ ಎತ್ತಿಟ್ಟವನ್ನು ಗೌರಿ ಹಬ್ಬಕ್ಕೆ ಒಮ್ಮೆ ತೆಗೆದು ನೋಡುತ್ತೇನೆ, ಚಾರ್ಜ್ ಇಳಿದಿದ್ದರೆ ಮತ್ತೆ ಅರ್ಧಕ್ಕೆ ತರುತ್ತೇನೆ. ಕಾರ್ತಿಕ ಕಳೆದು ಚಳಿ ಶುರುವಾದ ಮೇಲೆ ಬಿಸಿ ಲೈನರ್ ಅಪ್ಪನದ್ದಾಗುತ್ತದೆ, ಹೂವಿನ ಮಾರ್ಕೆಟ್ಟಿಗೆ ಹೋಗುವಾಗ ಹಾಕಿಕೊಳ್ಳುತ್ತಾರೆ. ಅಂಗಿಯೊಳಗಿನ ದಿನಪತ್ರಿಕೆಯನ್ನು ಮಾತ್ರ ಬಿಟ್ಟಿಲ್ಲ.